ಗೂಡಿನ ಹತ್ತಿಯ ಕೋಟು

1966ರ ಮಾರ್ಚ್ ತಿಂಗಳ ಒಂದು ಸಂಜೆ, ಜಯನಗರ ಮೂರನೇ ಬ್ಲಾಕಿನ ಆ ಮನೆಯಲ್ಲಿ ಉಪ್ಪಿಟ್ಟು ತಟ್ಟೆಯಲ್ಲೇ ಆರಿಹೋಯಿತು. ಕಾಲೇಜಿನಿಂದ ಬಂದ ಪಂಕಜಾ ಚಪ್ಪಲಿ ಬಿಡುವ ಮೊದಲೇ ಸುದ್ದಿ ಹೇಳಿಬಿಟ್ಟಿದ್ದಳು. ಮೇ ತಿಂಗಳಲ್ಲಿ ಕುಲು ಕಣಿವೆಯ ಮೇಲೆ ಎನ್.ಸಿ.ಸಿ. ಹುಡುಗಿಯರ ಹಿಮಾಲಯ ನಡಿಗೆ ಇದೆ. ಇಡೀ ಮೈಸೂರು ರಾಜ್ಯದಿಂದ ಆರೇ ಜನ ಹೋಗುತ್ತಾರೆ. ಅದರಲ್ಲಿ ತಾನೂ ಒಬ್ಬಳು.

"ಹದಿಮೂರು ಸಾವಿರ ಅಡಿ ಎತ್ತರ, ಅಮ್ಮ! ಹನ್ನೊಂದು ದಿನ ನಡೀಬೇಕು. ನಮ್ಮ ನಮ್ಮ ಸಾಮಾನು ನಾವೇ ಬೆನ್ನ ಮೇಲೆ ಹೊತ್ಕೊಂಡು."

"ಬೆನ್ನ ಮೇಲೆ ಹೊರೋಕೆ ನೀನೇನು ಮಾರ್ಕೆಟ್ಟಲ್ಲಿ ಮೂಟೆ ಹೊರೋವ್ಳೇನೇ?" ಎಂದರು ಅಜ್ಜಿ ಲಕ್ಷ್ಮಮ್ಮ. "ಹತ್ತೊಂಬತ್ತು ತುಂಬ್ತು. ಜಾತಕ ಹೊರಗೆ ತೆಗೆಯೋ ಕಾಲದಲ್ಲಿ ಗುಡ್ಡ ಹತ್ತೋಕೆ ಹೋಗ್ತಾಳಂತೆ. ಅನಂತು, ಕೇಳಿಸ್ತೇನೋ?"

ಪಂಕಜಳ ಅಪ್ಪ ಅನಂತಪದ್ಮನಾಭರಿಗೆ ಕೇಳಿಸಿತ್ತು. ಎಲೆಕ್ಟ್ರಿಸಿಟಿ ಬೋರ್ಡಿನಲ್ಲಿ ಹೆಡ್ ಕ್ಲರ್ಕ್ ಆಗಿದ್ದ ಅವರು ನಾಳೆ ಈ ಸುದ್ದಿಯನ್ನು ಆಫೀಸಿನಲ್ಲಿ ಯಾರಿಗೆ ಮೊದಲು ಹೇಳಬೇಕು ಎಂದು ಆಗಲೇ ಯೋಚಿಸತೊಡಗಿದ್ದರು.

"ಹೋಗ್ಲಿ ಬಿಡಮ್ಮ. ನಮ್ಮ ವಂಶದಲ್ಲಿ ಹಿಮಾಲಯ ನೋಡಿದೋರು ಯಾರಿದಾರೆ?"

"ನಿಮ್ಮಪ್ಪ ಕಾಶಿಗೆ ಹೋಗಿ ಬಂದ್ರು. ಅಷ್ಟು ಸಾಲ್ದೇನು?"

ಪಂಕಜಳ ಅಮ್ಮ ಸೀತಮ್ಮ ಅಡುಗೆಮನೆಯ ಬಾಗಿಲಲ್ಲಿ ನಿಂತು ಕೇಳುತ್ತಿದ್ದಳು. ಅವಳಿಗೆ ನಲವತ್ತು. ಹದಿನೈದನೇ ವಯಸ್ಸಿಗೆ ಈ ಮನೆಗೆ ಬಂದವಳು. ಹಾಲ್ ಮೂಲೆಯಲ್ಲಿದ್ದ ಹೊಲಿಗೆ ಮಿಷನ್ನು ಅವಳದು. ರವಿಕೆಯಿಂದ ಹಿಡಿದು ದಿಂಬಿನ ಚೀಲದವರೆಗೆ ಆ ಮನೆಯ ಬಟ್ಟೆಯೆಲ್ಲ ಅವಳ ಕೈಯಲ್ಲೇ ಆಗುತ್ತಿತ್ತು. ಆದರೆ ಏನಾದರೂ ತೀರ್ಮಾನವಾಗುವ ಹೊತ್ತಿನಲ್ಲಿ ಅವಳು ಏನನ್ನುತ್ತಾಳೆ ಎಂದು ಕಾದು ಕೇಳುವ ಅಭ್ಯಾಸ ಅಲ್ಲಿ ಯಾರಿಗೂ ಇರಲಿಲ್ಲ. ಎಲ್ಲರ ಮಾತೂ ಮುಗಿದ ಮೇಲೆ ಅವಳು ಮಗಳನ್ನು ಕೇಳಿದ್ದು ಒಂದೇ ಪ್ರಶ್ನೆ.

"ಅಲ್ಲಿ ಎಷ್ಟು ಚಳಿ ಇರತ್ತೆ?"

"ಚೊಂಬಲ್ಲಿಟ್ಟ ನೀರು ಅಲ್ಲೇ ಗಟ್ಟಿಯಾಗತ್ತಂತೆ ಅಮ್ಮ."

ಸೀತಮ್ಮ ತಟ್ಟೆಗಳನ್ನು ಒಳಗೆ ತೆಗೆದುಕೊಂಡು ಹೋಗಿ ಉಪ್ಪಿಟ್ಟನ್ನು ಮತ್ತೆ ಬಿಸಿಮಾಡಿದಳು. ಧನುರ್ಮಾಸದ ಬೆಳಗಿನ ಚಳಿಗಿಂತ ಹೆಚ್ಚಿನ ಚಳಿಯನ್ನು ಅವಳು ಕಂಡಿರಲಿಲ್ಲ.

ಎರಡು ದಿನ ಕಳೆದ ಮೇಲೆ ಅನಂತಪದ್ಮನಾಭರು ಹೆಗಲ ಮೇಲೆ ಒಂದು ಭಾರಿ ಕೋಟು ಹೇರಿಕೊಂಡು ಮನೆಗೆ ಬಂದರು. ಹಿಂದಿನ ಬೀದಿಯ ಕೊಟ್ರಪ್ಪನವರದು. ಅವರು ಸೈನ್ಯದಲ್ಲಿ ಸುಬೇದಾರರಾಗಿ ನಿವೃತ್ತರಾಗಿ, ಈಗ ಸಿಟಿ ಮಾರ್ಕೆಟ್ ಹತ್ತಿರದ ಒಂದು ಐಸ್ ಫ್ಯಾಕ್ಟರಿಯಲ್ಲಿ ಮೇಲ್ವಿಚಾರಕರಾಗಿದ್ದವರು.

"ಯುದ್ಧದ ಕೋಟು ಕಣೇ ಇದು! ಗುಂಡು ಹೊಡೆದ್ರೂ ಒಳಗೆ ಹೋಗಲ್ಲ. ಚಳಿ ಯಾವ ಲೆಕ್ಕ?" ಎಂದು ಮಗಳಿಗೆ ಅದನ್ನು ತೊಡಿಸಿ ನಿಲ್ಲಿಸಿದರು. ಪಂಕಜಳ ಕೈಬೆರಳು ತೋಳಿನೊಳಗೆ ಮುಳುಗಿಹೋದವು. ನಾಲ್ಕು ಹೆಜ್ಜೆ ನಡೆದವಳು ಗೋಡೆ ಹಿಡಿದಳು.

"ಭಾರ ಅಪ್ಪ."

"ಭಾರ ಇದ್ರೇನೇ ಬೆಚ್ಚಗಿರೋದು."

ಮುಂದಿನ ಭಾನುವಾರ ಅಭ್ಯಾಸದ ನಡಿಗೆ. ತುಂಬಿದ ಚೀಲ ಹೊತ್ತು ಬನಶಂಕರಿ ದೇವಸ್ಥಾನದಿಂದ ಕನಕಪುರ ರಸ್ತೆ ಹಿಡಿದು ತಲಘಟ್ಟಪುರದವರೆಗೆ ಹೋಗಿ ಬರಬೇಕು. ಹುಡುಗಿಯರನ್ನು ನಡೆಸುತ್ತಿದ್ದವರು ಕಾಲೇಜಿನ ಲೆಕ್ಚರರ್, ಎನ್.ಸಿ.ಸಿ. ಆಫೀಸರ್ ಶಿವಬಸಮ್ಮ ಮೇಡಂ. ಪಂಕಜಾ ಮಧ್ಯಾಹ್ನ ಮನೆಗೆ ಬಂದಾಗ ಎರಡೂ ಭುಜಗಳಲ್ಲಿ ಚರ್ಮ ಕಿತ್ತಿತ್ತು. ಸೀತಮ್ಮ ಕೊಬ್ಬರಿ ಎಣ್ಣೆ ಹಚ್ಚುತ್ತಿದ್ದಾಗ ಅವಳು ತಲೆ ತಗ್ಗಿಸಿಯೇ ಹೇಳಿದಳು.

"ಕೋಣನಕುಂಟೆ ಹತ್ರಾನೇ ಕೂತುಬಿಟ್ಟೆ ಅಮ್ಮ. ಮೇಡಂ ಚೀಲ ತೂಕ ಹಾಕಿಸಿದ್ರು. ಹದಿಮೂರು ಕಿಲೋ ಇತ್ತು. ಹತ್ತು ದಾಟಬಾರ್ದಂತೆ. ಕೋಟೇ ನಾಲ್ಕು ಕಿಲೋ. ಇನ್ನೊಂದ್ಸಲ ಕೂತ್ರೆ ನನ್ನ ಜಾಗಕ್ಕೆ ಬೇರೆಯವ್ರನ್ನ ಕಳಿಸ್ತಾರಂತೆ."

"ಕೂತರೆ ಏನಾಯ್ತು? ದೇವ್ರೇ ದಾರಿ ತೋರಿಸ್ದ," ಎಂದರು ಲಕ್ಷ್ಮಮ್ಮ.

"ಕೋಟು ಬಿಟ್ಟು ಹೋಗೋಕಾಗಲ್ಲ, ಕೋಟು ಇಟ್ಕೊಂಡು ಹೋಗೋಕಾಗಲ್ಲ. ಇನ್ನೇನು ಮಾಡೋದು?" ಅನಂತಪದ್ಮನಾಭರು ಸಿಡುಕಿದರು. ಆಫೀಸಿನಲ್ಲಿ ಆಗಲೇ ಎಲ್ಲರಿಗೂ ಹೇಳಿಯಾಗಿತ್ತು.

ಸೀತಮ್ಮ ಎಣ್ಣೆ ಬಟ್ಟಲು ಕೆಳಗಿಟ್ಟಳು. "ಮೇಡಂ ಮತ್ತೇನಂದ್ರು? ಬೆಚ್ಚಗೆ ಇರೋಕೆ ಏನು ಹಾಕ್ಕೋಬೇಕಂತೆ?"

"ಒಂದೇ ದಪ್ಪ ಬಟ್ಟೆ ಬೇಡ, ಮೂರು ತೆಳುವಾದ್ದು ಒಂದರ ಮೇಲೊಂದು ಹಾಕ್ಕೊಳ್ಳಿ ಅಂದ್ರು. ಒಳಗಡೆ ಗಾಳಿ ಸಿಕ್ಕಿಕೊಂಡು ಕೂತ್ಕೊಳತ್ತಂತೆ, ಆ ಗಾಳೀನೇ ಬೆಚ್ಚಗಿಡೋದಂತೆ. ಎಲ್ಲಕ್ಕಿಂತ ಮೇಲೆ ಹಗುರವಾಗಿ ಏನೋ ತುಂಬಿಸಿ ಹೊಲಿದ ಕೋಟು ಇರತ್ತೆ. ಹಕ್ಕಿ ಪುಕ್ಕದ್ದು. ಫಾರಿನ್ನಿಂದ ಬರಬೇಕು, ನಮಗೆಲ್ಲಿ ಸಿಗತ್ತೆ?"

"ಹಕ್ಕಿ ಪುಕ್ಕ!" ಲಕ್ಷ್ಮಮ್ಮ ಕಿವಿ ಮುಚ್ಚಿಕೊಂಡರು.

ಸೀತಮ್ಮನಿಗೆ ಅರ್ಥವಾಯಿತು. ಗಂಡ ತಡವಾಗಿ ಬರುವ ದಿನಗಳಲ್ಲಿ ಅವಳು ಅನ್ನದ ಪಾತ್ರೆಗೆ ಹಳೇ ಸೀರೆ ಸುತ್ತಿ ಬುಟ್ಟಿಯಲ್ಲಿ ಇಡುತ್ತಿದ್ದಳು. ಬಿಗಿಯಾಗಿ ಸುತ್ತಿದರೆ ಅನ್ನ ಬೇಗ ಆರುತ್ತದೆ, ಸಡಿಲವಾಗಿ ಸುತ್ತಿದರೆ ಆರುವುದಿಲ್ಲ. ಇದನ್ನು ಅವಳಿಗೆ ಯಾವ ಮೇಡಮ್ಮೂ ಹೇಳಿಕೊಟ್ಟಿರಲಿಲ್ಲ.

ಮಾರನೇ ದಿನ ಎಲ್ಲರೂ ಹೊರಟ ಮೇಲೆ ಅವಳು ಒಂದೇ ಅಳತೆಯ ಮೂರು ಚಿಕ್ಕ ಚೀಲ ಹೊಲಿದಳು. ಒಂದಕ್ಕೆ ಅರಳೆ, ಒಂದಕ್ಕೆ ದಿಂಬು ಬಿಚ್ಚಿ ತೆಗೆದ ಬೂರುಗದ ಹತ್ತಿ, ಇನ್ನೊಂದಕ್ಕೆ ಹಳೇ ಸ್ವೆಟರು ಬಿಚ್ಚಿದ ಉಣ್ಣೆ. ಮೂರೂ ತಕ್ಕಡಿಯಲ್ಲಿ ಒಂದೇ ತೂಕ. ಮೂರು ಚೊಂಬಿಗೆ ಕುದಿಯುವ ನೀರು ಹಾಕಿ, ಚೀಲಗಳನ್ನು ಸುತ್ತಿ ಅಡುಗೆಮನೆಯ ಕಟ್ಟೆಯ ಮೇಲೆ ಸಾಲಾಗಿ ಇಟ್ಟಳು.

ಬೆಣ್ಣೆ ತಂದ ಮುನಿವೆಂಕಟಮ್ಮ ಹಿತ್ತಿಲ ಬಾಗಿಲಿಂದ ಇದನ್ನು ನೋಡಿ ನಿಂತಳು. ತಲಘಟ್ಟಪುರದವಳು. ವಾರಕ್ಕೆರಡು ಸಲ ಮೊದಲ ಬಸ್ಸಿಗೆ ಬೆಣ್ಣೆ ತಂದು ಬ್ಲಾಕಿನ ಹತ್ತಾರು ಮನೆಗೆ ಕೊಡುತ್ತಿದ್ದಳು.

"ಏನ್ರಮ್ಮಾವ್ರೆ ಇದು, ಚೊಂಬುಗಳಿಗೆ ಬಾಣಂತನ ಮಾಡ್ತಾ ಇದೀರಾ?"

ಸೀತಮ್ಮ ನಕ್ಕು ಎಲ್ಲ ಹೇಳಿದಳು. ಗಂಟೆ ಹನ್ನೊಂದಾಗುವ ಹೊತ್ತಿಗೆ ಅರಳೆಯ ಚೊಂಬು ಆರಿತ್ತು. ಬೂರುಗದ್ದು ಮತ್ತು ಉಣ್ಣೆಯದು ಇನ್ನೂ ಬಿಸಿ. ಸೀತಮ್ಮ ಮೂರು ಚೀಲಗಳಿಗೂ ನೀರು ಚಿಮುಕಿಸಿ ಇನ್ನೊಂದು ಸಲ ಇಟ್ಟಳು. ಹಿಮ ಬಿದ್ದರೆ ಬಟ್ಟೆ ನೆನೆಯದೆ ಇರುತ್ತದೆಯೇ? ಈ ಸಲ ಅರಳೆಯದು ಮುಟ್ಟಿದರೆ ಕೈ ಕೊರೆಯುವಷ್ಟು ತಣ್ಣಗಾಯಿತು. ಬೂರುಗ ಉಂಡೆಗಟ್ಟಿತು. ಉಣ್ಣೆ ತಾಳಿಕೊಂಡಿತು, ಆದರೆ ನೆನೆದು ಭಾರವಾಯಿತು.

ಮುನಿವೆಂಕಟಮ್ಮ ಹೋಗಲಿಲ್ಲ. ಬುಟ್ಟಿ ಇಳಿಸಿ ಮೆಟ್ಟಿಲ ಮೇಲೆ ಕುಳಿತೇ ನೋಡುತ್ತಿದ್ದಳು.

"ಅಮ್ಮಾವ್ರೆ, ನಮ್ಮನೇಲಿ ಎಳೇ ಕೂಸಿಗೆ ನಾವು ಗೂಡಿನ ಹತ್ತಿ ಹಾಕಿ ಹಾಸಿಗೆ ಮಾಡ್ತೀವಿ ಕಣ್ರವ್ವ. ರೇಷ್ಮೆ ಗೂಡು. ನಮ್ಮೂರಲ್ಲಿ ಮೊಟ್ಟೆಗೆ ಅಂತ ಸಾಕ್ತಾರಲ್ಲ, ಅಲ್ಲಿ ಚಿಟ್ಟೆ ತೂತು ಮಾಡ್ಕೊಂಡು ಹಾರೋಗ್ತದೆ. ತೂತು ಬಿದ್ದ ಗೂಡಲ್ಲಿ ನೂಲು ತೆಗೆಯಕ್ಕಾಗಲ್ಲ. ಅದನ್ನ ಬೇಯಿಸಿ ಎಳೆದ್ರೆ ಮೋಡದಂಗೆ ಬತ್ತದೆ. ಕೂಸು ಉಚ್ಚೆ ಹುಯ್ದ್ರೂ ತಣ್ಣಗಾಗಲ್ಲ."

"ಸ್ವಲ್ಪ ತಂದ್ಕೊಡ್ತೀಯಾ?"

ಗುರುವಾರ ಅವಳು ಸೆರಗಿನಲ್ಲಿ ಕಟ್ಟಿ ತಂದದ್ದು ತೆಳು ಹಳದಿ ಬಣ್ಣದ ಒಂದು ಹಿಡಿ. ಕೈಯಲ್ಲಿಟ್ಟರೆ ಇದೆಯೋ ಇಲ್ಲವೋ ಗೊತ್ತಾಗುತ್ತಿರಲಿಲ್ಲ. ತಕ್ಕಡಿಗೆ ಹಾಕಿದಾಗ, ಉಳಿದ ಮೂರರ ಅರ್ಧ ತೂಕಕ್ಕೇ ಚೀಲ ಉಬ್ಬಿ ನಿಂತಿತು. ಮಧ್ಯಾಹ್ನ ಅದಕ್ಕೂ ನೀರು ಚಿಮುಕಿಸಿ, ಕುದಿಯುವ ನೀರಿನ ಚೊಂಬಿಗೆ ಸುತ್ತಿಟ್ಟಳು. ಸಂಜೆ ಪಂಕಜಾ ಬಂದು ಆ ಚೊಂಬಿಗೆ ಬೆರಳಿಟ್ಟವಳು "ಅಯ್ಯೋ!" ಎಂದು ಕೈ ಕಿತ್ತುಕೊಂಡಳು. ನೀರು ಅಷ್ಟು ಬಿಸಿ ಇತ್ತು.

"ಇದೇ," ಎಂದಳು ಸೀತಮ್ಮ.

ಜಗಳ ಹತ್ತಿದ್ದು ಇಲ್ಲಿಂದ ಮುಂದೆ. ಒಂದು ಕೋಟಿಗೆ ಬೇಕಾದಷ್ಟು ಹತ್ತಿ ಎಳೆಯಲು ಒಂದು ಮೂಟೆ ತೂತುಗೂಡು ಬೇಕು, ಅದನ್ನು ಸೋಡ ಹಾಕಿದ ನೀರಲ್ಲಿ ಬೇಯಿಸಬೇಕು. ಬಚ್ಚಲ ಒಲೆಯ ಮೇಲೆ ಹಂಡೆ ಇಡೋಣ ಎಂದು ಸೀತಮ್ಮ ಹೇಳಿದ್ದೇ ತಡ, ಲಕ್ಷ್ಮಮ್ಮ ಎದ್ದು ನಿಂತರು.

"ಹುಳದ ಗೂಡು ನನ್ನ ಬಚ್ಚಲಲ್ಲಿ ಬೇಯೋದೇ? ಆ ನಾತದಲ್ಲಿ ನಾನು ದೇವರಿಗೆ ದೀಪ ಹಚ್ಚಬೇಕೇ?"

"ಅತ್ತೆ, ನೀವು ಮಡಿಗೆ ಉಡೋದೂ ರೇಷ್ಮೇನೇ."

ಇಪ್ಪತ್ತೈದು ವರ್ಷದಲ್ಲಿ ಸೊಸೆ ಆಡಿದ ಮೊದಲ ಎದುರು ಮಾತು. ಪಂಕಜಾ ಪುಸ್ತಕ ಮುಚ್ಚಿದಳು.

"ಅದು ಅಂಗಡಿಯಿಂದ ಬಂದದ್ದು ಕಣೇ!"

"ಅಂಗಡಿಗೆ ಎಲ್ಲಿಂದ ಬಂತು? ಇದ್ರಲ್ಲಾದ್ರೂ ಚಿಟ್ಟೆ ಹಾರಿಹೋಗಿದೆ. ನಿಮ್ಮ ಮಡಿಸೀರೆಗೆ ಹುಳಾನ ಗೂಡಲ್ಲೇ ಬೇಯಿಸಿರ್ತಾರೆ."

"ಅನಂತು! ನಿನ್ನ ಹೆಂಡ್ತಿ ಮಾತು ಕೇಳು."

ಅನಂತಪದ್ಮನಾಭರು ಕನ್ನಡಕ ತೆಗೆದರು. "ಸೀತಾ, ಸುಮ್ನಿರು. ಹೇಗೂ ಆಗೋ ಕೆಲಸ ಅಲ್ಲ ಇದು. ಬೆಣ್ಣೆಯೋಳು ಏನೋ ಹೇಳಿದ್ಲು ಅಂತ ನೀನು ಕೋಟು ಹೊಲೀತೀನಿ ಅಂತೀಯ. ಸೈನ್ಯದೋರಿಗಿಂತ ಹೆಚ್ಚು ಗೊತ್ತಾ ನಿನಗೆ? ಅವಳ ಪ್ರಾಣದ ಪ್ರಶ್ನೆ."

"ಪ್ರಾಣದ ಪ್ರಶ್ನೆ ಅಂತಾನೇ ಹೇಳ್ತಿರೋದು. ಮನೇಲಿ ಬೇಡ ಅಂದ್ರೆ ತಲಘಟ್ಟಪುರಕ್ಕೆ ಹೋಗಿ ಬೇಯಿಸ್ಕೊಂಡು ಬರ್ತೀನಿ."

"ಒಬ್ಳೇ?"

"ಮುನಿವೆಂಕಟಮ್ಮ ವಾರಕ್ಕೆರಡು ಸಲ ಒಬ್ಳೇ ಬರ್ತಾಳಲ್ಲ."

ಶನಿವಾರ ಬೆಳಿಗ್ಗೆ ಕಾಫಿ ಮಾಡಿಟ್ಟು ಸೀತಮ್ಮ ಹೊರಟೇಬಿಟ್ಟಳು. ಅಡುಗೆ ಮಾಡಿಡಲಿಲ್ಲ, ಮಾಡಿಡಲು ಹೊತ್ತಿರಲಿಲ್ಲ. ಬನಶಂಕರಿಯವರೆಗೆ ನಡೆದು, ಕನಕಪುರದ ಬಸ್ಸು ಹತ್ತಿ, ಕಿಟಕಿ ಪಕ್ಕ ಕುಳಿತಳು. ಬಸ್ಸಿನಲ್ಲಿ ಒಬ್ಬಳೇ ಕುಳಿತದ್ದು ಅದೇ ಮೊದಲು. ಯಾರಾದರೂ ಏನಾದರೂ ಕೇಳುತ್ತಾರೆಂದು ಸೆರಗು ಬಿಗಿಹಿಡಿದಿದ್ದಳು. ಕಂಡಕ್ಟರು "ಎಲ್ಲಿಗಮ್ಮ?" ಎಂದು ಮಾತ್ರ ಕೇಳಿದ.

ಮುನಿವೆಂಕಟಮ್ಮನ ಮನೆಯ ಅಂಗಳದಲ್ಲಿ ಒಲೆ ಉರಿಯುತ್ತಿತ್ತು. ಗೂಡು ಬೆಂದ ವಾಸನೆಗೆ ಸೀತಮ್ಮ ಸೆರಗನ್ನು ಮೂಗಿಗೆ ಒತ್ತಿಕೊಂಡಳು. ಅತ್ತೆ ಹೇಳಿದ್ದು ಸುಳ್ಳಲ್ಲ ಎನ್ನಿಸಿತು. ಮುನಿವೆಂಕಟಮ್ಮ ಬೆಂದ ಗೂಡುಗಳನ್ನು ಮೂರು ನೀರಿನಲ್ಲಿ ತೊಳೆದು, ಒಂದೊಂದನ್ನೇ ತೂತಿನಲ್ಲಿ ಬೆರಳು ತೂರಿಸಿ ಅಗಲಿಸಿ, ಬೋರಲು ಹಾಕಿದ ಮಡಕೆಯ ಮೇಲೆ ಎಳೆಯುತ್ತಿದ್ದಳು. ಒಂದರ ಮೇಲೊಂದು ಹತ್ತು ಹನ್ನೆರಡು ಎಳೆದರೆ ಬಲೆಯಂಥ ಒಂದು ಹಾಳೆ. ಸೀತಮ್ಮನ ಮೊದಲ ಇಪ್ಪತ್ತು ಗೂಡು ಹರಿದುಹೋದವು.

"ಜಗ್ಗಬ್ಯಾಡಿ ಅಮ್ಮಾವ್ರೆ. ಕೂಸಿನ ಕೂದಲು ಬಿಡಿಸ್ದಂಗೆ ಬಿಡಿಸಿ. ಅದೇ ಬತ್ತದೆ."

ಮಧ್ಯಾಹ್ನ ಮುನಿವೆಂಕಟಮ್ಮ ಬಾಳೆಹಣ್ಣು, ಎಳನೀರು ತಂದಿಟ್ಟಳು. ಮುದ್ದೆ ಸಾರು ಒಳಗೆ ಆಗಿತ್ತು. ಬ್ರಾಹ್ಮಣರ ಮನೆಯವರಿಗೆ ಕೊಡುವುದು ಹೇಗೆ ಎಂದು ಅದನ್ನು ಹೊರಗೆ ತಂದಿರಲಿಲ್ಲ. ಸೀತಮ್ಮ ವಾಸನೆ ಹಿಡಿದು ಕೇಳಿದಳು: "ಅವರೆಕಾಳಿನ ಸಾರಾ? ನನಗೂ ಹಾಕು." ಮುನಿವೆಂಕಟಮ್ಮ ಒಂದು ಗಳಿಗೆ ಅವಳ ಮುಖ ನೋಡಿ, ತಟ್ಟೆಯನ್ನು ಇನ್ನೊಂದು ಸಲ ತೊಳೆದು ತಂದಳು.

ಆ ದಿನ ಮನೆಯಲ್ಲಿ ಎಪ್ಪತ್ತು ವರ್ಷದ ಲಕ್ಷ್ಮಮ್ಮ ಸೆರಗು ಕಟ್ಟಿ ಒಲೆ ಮುಂದೆ ಕುಳಿತು ತಿಳಿಸಾರು ಮಾಡಿದರು. ಅನಂತಪದ್ಮನಾಭರು ಅಕ್ಕಿ ಇಟ್ಟು ಪೇಪರು ಓದುತ್ತ ಕುಳಿತು ತಳ ಹಿಡಿಸಿದರು. ಸಂಜೆ ಸೀತಮ್ಮ ಎರಡು ದೊಡ್ಡ ಗಂಟು ಹೊತ್ತು ಬಂದಾಗ ಸೀದ ಪಾತ್ರೆ ಬಚ್ಚಲಲ್ಲಿ ನೆನೆಯುತ್ತಿತ್ತು. ಅವಳು ಸ್ನಾನ ಮಾಡಿ ಬಂದು ಅದನ್ನು ಉಜ್ಜಿಟ್ಟು ಮಿಷನ್ನಿನ ಮುಂದೆ ಕುಳಿತಳು.

ಕೋಟು ಮುಗಿಯಲು ಹನ್ನೆರಡು ದಿನ ಹಿಡಿಯಿತು. ಒಳಗೂ ಹೊರಗೂ ತೆಳುವಾದ ಹಳೇ ಮಲ್ಲು ಸೀರೆಯ ಬಟ್ಟೆ, ನಡುವೆ ರೇಷ್ಮೆಯ ಹಾಳೆಗಳು. ಹತ್ತಿ ಕೆಳಗೆ ಜಾರದಂತೆ ನಾಲ್ಕು ಬೆರಳಿಗೊಂದು ಅಡ್ಡ ಹೊಲಿಗೆ. ಹೊಲಿಗೆ ಬಿಗಿಯಾದರೆ ಹತ್ತಿ ಚಪ್ಪಟೆಯಾಗುತ್ತಿತ್ತು. ಎರಡು ಸಲ ಪೂರ್ತಿ ಬಿಚ್ಚಿ ಹಾಕಿದಳು. ಹಬ್ಬದ ದಿನ ಒಬ್ಬಟ್ಟು ತಟ್ಟುತ್ತಿದ್ದಾಗಲೂ ಅವಳ ಗಮನ ತೋಳಿನ ಜೋಡಣೆಯ ಮೇಲೇ ಇತ್ತು.

"ಚೆನ್ನಾಗೇ ಇದೆ," ಎಂದರು ಅನಂತಪದ್ಮನಾಭರು, ಮುಗಿದ ಕೋಟನ್ನು ಎರಡು ಬೆರಳಲ್ಲಿ ಎತ್ತಿ. "ಆದ್ರೆ ಇದನ್ನ ನಂಬಿ ಮಗಳನ್ನ ಹಿಮಕ್ಕೆ ಕಳಿಸೋಕಾಗತ್ತಾ? ಬೆಂಗಳೂರಲ್ಲಿ ಕೂತು ಹೇಗೆ ಗೊತ್ತಾಗ್ಬೇಕು?"

"ಕೊಟ್ರಪ್ಪನೋರ ಐಸ್ ಫ್ಯಾಕ್ಟರಿ ಇದೆಯಲ್ಲ," ಎಂದಳು ಸೀತಮ್ಮ.

ಆ ಭಾನುವಾರ ಬೆಳಿಗ್ಗೆ ಐಸ್ ಫ್ಯಾಕ್ಟರಿಯ ಗೋದಾಮಿನ ಮುಂದೆ ಗಂಡಹೆಂಡತಿ ನಿಂತರು. ಅವರು ಯುದ್ಧದ ಕೋಟಿನಲ್ಲಿ, ಅವಳು ಸೀರೆಯ ಮೇಲೆ ಹಳದಿ ಹತ್ತಿಯ ಕೋಟಿನಲ್ಲಿ. ಕೊಟ್ರಪ್ಪನವರಿಗೆ ಮೀಸೆಯಡಿ ನಗು ತಡೆಯಲಾಗಲಿಲ್ಲ.

"ಸುಮ್ನೆ ನಿಂತ್ರೆ ಆಗಲ್ಲ ಸಾರ್. ಬೆಟ್ಟದ ಮೇಲೆ ಯಾರೂ ನಿಂತಿರಲ್ಲ. ಇಬ್ರೂ ಬೆನ್ನಿಗೊಂದು ಮೂಟೆ ಹಾಕ್ಕೊಂಡು ಐವತ್ತು ಸುತ್ತು ನಡೀರಿ. ಆಮೇಲೆ ಹತ್ತು ನಿಮಿಷ ಕೂತ್ಕೊಳ್ಳಿ. ಅದೇ ನಿಜವಾದ ಪರೀಕ್ಷೆ."

ಬಾಗಿಲು ಮುಚ್ಚಿತು. ಐಸಿನ ಗೋಡೆಗಳ ನಡುವೆ ಹೊಟ್ಟಿನ ಮೂಟೆ ಹೊತ್ತು ಇಬ್ಬರೂ ಸುತ್ತತೊಡಗಿದರು. ಇಪ್ಪತ್ತನೇ ಸುತ್ತಿಗೆ ಅನಂತಪದ್ಮನಾಭರಿಗೆ ಏದುಸಿರು. ಮೂವತ್ತಕ್ಕೆ ಹಣೆಯಲ್ಲಿ ಬೆವರು. ಸೀತಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿ, ತರಕಾರಿ ಚೀಲ ಹಿಡಿದು ನಡೆವಂತೆ ನಡೆಯುತ್ತಿದ್ದಳು. ಒಳಗೆ ಸೆಕೆಯಾದಾಗ ಗುಂಡಿ ಬಿಚ್ಚಿಕೊಂಡಳು, ಕುಳಿತಾಗ ಮತ್ತೆ ಹಾಕಿಕೊಂಡಳು. ಕುಳಿತ ಐದೇ ನಿಮಿಷಕ್ಕೆ ಅನಂತಪದ್ಮನಾಭರ ಹಲ್ಲು ಕಟಕಟ ಎನ್ನತೊಡಗಿತು. ಬೆವರಿಗೆ ಒಳಗಿನ ಅಂಗಿ ನೆನೆದು ಬೆನ್ನಿಗೆ ಅಂಟಿಕೊಂಡಿತ್ತು.

"ಸಾ... ಸಾಕು ಕೊಟ್ರಪ್ಪ. ಬಾಗ್ಲು ತೆಗೀರಿ."

"ಬೆವರು ಆರಿದ್ರೆ ಅದೇ ಶತ್ರು ಸಾರ್," ಎಂದರು ಕೊಟ್ರಪ್ಪ, ಬಾಗಿಲು ತೆಗೆದು. "ನಮ್ಮ ಎಷ್ಟೋ ಜನ ಚಳಿಗಲ್ಲ, ಬೆವರಿಗೆ ಕಾಯಿಲೆ ಬಿದ್ದದ್ದು. ಅಮ್ಮಾ, ನಿಮಗೆ ಹೇಗಿದೆ?"

ಸೀತಮ್ಮ ಹತ್ತು ನಿಮಿಷ ಪೂರ್ತಿ ಕುಳಿತಳು. ಆಮೇಲೆ ಎದ್ದು, ಗೋದಾಮಿನ ಮೂಲೆಯಲ್ಲಿ ತಣ್ಣನೆ ಗಾಳಿ ಬೀಸುತ್ತಿದ್ದ ಫ್ಯಾನಿನ ಮುಂದೆ ನಿಂತು, ತಿರುಗಿ, ಬೆನ್ನು ಕೊಟ್ಟಳು. "ಮೈ ಬೆಚ್ಚಗೇ ಇದೆ. ಆದ್ರೆ ಗಾಳಿ ಬಂದ್ರೆ ಹೊಲಿಗೆಯಲ್ಲಿ ನುಗ್ಗತ್ತೆ. ಮಲ್ಲು ಬಟ್ಟೆ ಸಾಲ್ದು."

ಮನೆಗೆ ಬರುವ ಬಸ್ಸಿನಲ್ಲಿ ಅನಂತಪದ್ಮನಾಭರು ಎರಡು ಸಲ ಸೀನಿದರು. ಲಾಲ್‌ಬಾಗ್ ದಾಟಿದ ಮೇಲೆ, ಕಿಟಕಿಯ ಹೊರಗೆ ನೋಡುತ್ತಲೇ ಕೇಳಿದರು.

"ಮಲ್ಲು ಅಲ್ದೆ ಇನ್ನೆಂಥ ಬಟ್ಟೆ ಬೇಕು?"

"ಗಾಳಿ ಬಿಡಬಾರ್ದು, ಹಗುರ ಇರಬೇಕು. ಛತ್ರಿ ಬಟ್ಟೆಗಿಂತ ತೆಳು."

ಮುಂದಿನ ಭಾನುವಾರ ಅವರು ತಿಂಡಿಯನ್ನೂ ತಿನ್ನದೆ ಗುಜರಿ ಬಜಾರಿಗೆ ಹೋದರು. ಮಧ್ಯಾಹ್ನ ಎರಡಕ್ಕೆ ಬಂದವರ ಅಂಗಿಯ ಮೇಲೆಲ್ಲ ಧೂಳು. ಕಂಕುಳಲ್ಲಿ ಮಡಿಸಿದ ಹಸಿರು ಬಟ್ಟೆ. ಕೆಳಗಿಟ್ಟರೆ ನೀರಿನಂತೆ ಜಾರಿತು.

"ಪ್ಯಾರಾಚೂಟಿಂದು. ವಿಮಾನದಿಂದ ಹಾರ್ತಾರಲ್ಲ, ಆ ಕೊಡೆ. ನಲವತ್ತು ಅಂಗಡಿ ಸುತ್ತಿದೆ," ಎಂದು ಬಟ್ಟೆಯನ್ನು ಬಾಯಿಗೆ ಹಿಡಿದು ಊದಿ ತೋರಿಸಿದರು. "ನೋಡು, ಗಾಳಿ ಆಚೆ ಹೋಗಲ್ಲ. ಸರಿಯಾಗಿದೆಯಾ?"

ಹೆಂಡತಿಯನ್ನು ಅವರು ಹಾಗೆ ಕೇಳಿದ್ದು ಪಂಕಜಾ ಎಂದೂ ಕಂಡಿರಲಿಲ್ಲ. ಸೀತಮ್ಮ ಬಟ್ಟೆಯನ್ನು ಬೆಳಕಿಗೆ ಹಿಡಿದು, ಉದ್ದಕ್ಕೂ ಅಡ್ಡಕ್ಕೂ ಎಳೆದು, ಸಾವಕಾಶವಾಗಿ ನೋಡಿದಳು.

"ಸರಿಯಾಗಿದೆ. ಊಟಕ್ಕೆ ಏಳಿ."

ಏಪ್ರಿಲ್ ಕೊನೆಯ ವಾರ ಕಾಲೇಜಿನ ಮೈದಾನದಲ್ಲಿ ಕೊನೆಯ ತಪಾಸಣೆ. ಶಿವಬಸಮ್ಮ ಮೇಡಂ ಹಸಿರು ಕೋಟನ್ನು ತಕ್ಕಡಿಗೆ ಹಾಕಿಸಿದರು. ಆರುನೂರ ಐವತ್ತು ಗ್ರಾಂ. ಮುಷ್ಟಿಯಲ್ಲಿ ಅದುಮಿದರು, ಬಿಟ್ಟಾಗ ಮತ್ತೆ ಉಬ್ಬಿತು. ಒಂದು ತೋಳನ್ನು ನೀರಲ್ಲಿ ಅದ್ದಿ, ಕೊಡವಿ, ಒಳಗೆ ಕೈ ಹಾಕಿ ನೋಡಿದರು.

"ಯಾವ ಅಂಗಡಿಯದು ಇದು?"

"ನಮ್ಮಮ್ಮ ಹೊಲಿದಿದ್ದು ಮೇಡಂ."

ಮೇಡಂ ನಂಬಲಿಲ್ಲ ಎಂಬುದು ಮುಖದಲ್ಲೇ ಕಂಡಿತು. ಆದರೆ ಚೀಲದ ತೂಕ ಒಂಬತ್ತೂಮುಕ್ಕಾಲು ಕಿಲೋ ಇತ್ತು. ಪಟ್ಟಿಯಲ್ಲಿ ಪಂಕಜಳ ಹೆಸರಿನ ಮುಂದೆ ಗುರುತು ಬಿತ್ತು.

ರೈಲು ಹತ್ತುವ ದಿನ ಲಕ್ಷ್ಮಮ್ಮ ಮೊಮ್ಮಗಳ ಕೈಗೆ ಒಂದು ಪೊಟ್ಟಣ ಕೊಟ್ಟರು. "ಹುರಿಹಿಟ್ಟು. ಬೆಲ್ಲ ಹಾಕಿದೀನಿ. ಕಾಲು ಕಿಲೋನೇ ಇದೆ, ತೂಕ ಹಾಕಿ ಕಟ್ಟಿದೀನಿ. ದಾರೀಲಿ ಬಿಸಾಡಬೇಡ." ಸೊಸೆಯತ್ತ ನೋಡದೆಯೇ ಮುಂದುವರಿಸಿದರು: "ಅಮ್ಮ ಕೊಟ್ಟ ಕೋಟು ಹಾಕ್ಕೊಳ್ಳದೆ ಎಲ್ಲೂ ಹೋಗ್ಬೇಡ."

ಆಮೇಲಿನ ಇಪ್ಪತ್ತಾರು ದಿನ ಮನೆಯಲ್ಲಿ ನಾಲ್ಕನೇ ತಟ್ಟೆ ಇಳಿಯಲಿಲ್ಲ. ಅನಂತಪದ್ಮನಾಭರು ಪೇಪರಿನಲ್ಲಿ ಉತ್ತರ ದೇಶದ ಹವಾಮಾನ ಹುಡುಕುತ್ತಿದ್ದರು. ಅಂಚೆಯಲ್ಲಿ ಒಂದೇ ಒಂದು ಕಾರ್ಡು ಬಂತು: "ಕ್ಷೇಮ. ಬೆಚ್ಚಗಿದ್ದೇನೆ. ನಾಳೆ ಮೇಲೆ ಹೋಗುತ್ತೇವೆ." ಸೀತಮ್ಮ ಅದನ್ನು ಮಿಷನ್ನಿನ ಡ್ರಾಯರಿನಲ್ಲಿಟ್ಟು, ದಾರ ತೆಗೆಯುವಾಗಲೆಲ್ಲ ಓದುತ್ತಿದ್ದಳು.

ಜೂನ್ ಮೊದಲ ವಾರ ಪಂಕಜಾ ಬಂದಿಳಿದಾಗ ಮೂಗಿನ ಚರ್ಮ ಸುಲಿದಿತ್ತು, ಕೆನ್ನೆ ಕಪ್ಪಾಗಿತ್ತು, ನಗು ಮಾತ್ರ ಕಿವಿಯವರೆಗಿತ್ತು. ಚೀಲ ಬಿಚ್ಚಿದರೆ ಅದರಲ್ಲಿ ಕೋಟಿರಲಿಲ್ಲ.

"ಕೋಟೆಲ್ಲೇ?" ಸೀತಮ್ಮನ ದನಿ ಏರಿತು. "ಕಳ್ಕೊಂಡ್ಯಾ?"

"ಕೂತ್ಕೋ ಅಮ್ಮ, ಹೇಳ್ತೀನಿ."

ಹದಿಮೂರು ಸಾವಿರ ಅಡಿ ಎತ್ತರದ ಬೆಟ್ಟದ ದಾರಿ ದಾಟುವ ದಿನ ಬೆಳಿಗ್ಗೆ ಒಂಬತ್ತಕ್ಕೇ ಹಿಮ ಬೀಳತೊಡಗಿತ್ತಂತೆ. ಮದರಾಸಿನ ಹುಡುಗಿಯೊಬ್ಬಳು ಅರಳೆ ತುಂಬಿದ ಕೋಟು ಹಾಕಿದ್ದಳು. ಅದು ನೆನೆದು ಕಲ್ಲಾಯಿತು. ಅವಳ ತುಟಿ ನೀಲಿಗಟ್ಟಿತು, ಮಾತು ತೊದಲಿತು, ಇನ್ನು ನಡೆಯಲಾರೆ ಎಂದು ಹಿಮದಲ್ಲೇ ಕುಳಿತುಬಿಟ್ಟಳು.

"ನನ್ನ ಕೋಟು ಬಿಚ್ಚಿ ಅವಳಿಗೆ ಹಾಕ್ದೆ. ನನಗೆ ಎರಡು ಸ್ವೆಟರು, ಮೇಲೆ ರೈನ್‌ಕೋಟ್ ಇತ್ತಲ್ಲ. ಚಳಿ ಆಯ್ತು, ಆದ್ರೆ ನಡೀತಾನೇ ಇದ್ದೆ. ಅರ್ಧ ಗಂಟೆಗೆ ಅವಳ ಕೈಗೆ ಬಿಸಿ ಬಂತು ಅಮ್ಮ. ಎದ್ದಳು. ತನ್ನ ಕಾಲಲ್ಲೇ ನಡ್ಕೊಂಡು ಕೆಳಗೆ ಬಂದ್ಲು. ಅಲ್ಲಿನ ಬೆಟ್ಟ ಹತ್ತಿಸೋ ಮಾಸ್ತರರು ಕೋಟು ತಿರುಗಿಸಿ ಮುರುಗಿಸಿ ನೋಡಿದ್ರು. ಮಾದರಿಗೆ ಬೇಕು, ಕೊಟ್ಟು ಹೋಗು ಅಂದ್ರು. ನಿನ್ನ ಕೇಳ್ದೇನೇ ಕೊಟ್ಬಿಟ್ಟೆ. ಬೈತೀಯಾ?"

ಸೀತಮ್ಮ ಮಗಳ ಎರಡು ಕೈಗಳನ್ನೂ ಹಿಡಿದು, ಒಂದೊಂದೇ ಬೆರಳು ಮುಟ್ಟಿ ನೋಡಿದಳು. ಹತ್ತೂ ಸರಿಯಾಗಿದ್ದವು.

"ಆ ಹುಡುಗಿಗೂ ಒಬ್ಬಳು ಅಮ್ಮ ಇದಾಳಲ್ಲ," ಎಂದಳು. ಆಮೇಲೆ ಒಳಗೆ ಹೋಗಿ ಎಣ್ಣೆ ಕಾಯಿಸಲು ಇಟ್ಟಳು. ಅವಳ ಕಣ್ಣು ತುಂಬಿದ್ದನ್ನು ನೋಡಿದವರು ಅಡುಗೆಮನೆಯಲ್ಲಿದ್ದ ಲಕ್ಷ್ಮಮ್ಮ ಒಬ್ಬರೇ. ಅವರು ಸೌಟು ತೆಗೆದುಕೊಂಡು ಕುದಿಯುತ್ತಿದ್ದ ಹುಳಿಯನ್ನು ತಾವೇ ತಿರುವತೊಡಗಿದರು.

ಕಾಲೇಜು ತೆರೆದ ಮೇಲೆ ಶಿವಬಸಮ್ಮ ಮೇಡಂ ಮನೆಗೇ ಬಂದರು. ಕಾಫಿ ಕುಡಿದು, ಕೇಳಬೇಕಾದ್ದನ್ನು ನೇರವಾಗಿ ಕೇಳಿದರು. ಬರುವ ವರ್ಷ ಇನ್ನೂ ಹೆಚ್ಚು ಹುಡುಗಿಯರು ಹೋಗುತ್ತಾರೆ. ಅವರವರ ಕೋಟು ಅವರವರೇ ಹೊಲಿದುಕೊಳ್ಳಬೇಕು. ಸೀತಮ್ಮ ಬಂದು ಕಲಿಸಿಕೊಡಬೇಕು.

"ನಾನಾ? ಕಾಲೇಜಿಗಾ?" ಸೀತಮ್ಮ ಗಂಡನತ್ತ ನೋಡಿದಳು. "ನಾನು ಓದಿರೋದು ನಾಲ್ಕನೇ ಕ್ಲಾಸು."

ಉತ್ತರ ಬಂದದ್ದು ದೇವರ ಮನೆಯಿಂದ. "ಹೋಗೇ," ಎಂದರು ಲಕ್ಷ್ಮಮ್ಮ. "ಅಡುಗೆ ನಾನು ನೋಡ್ಕೋತೀನಿ. ಅನ್ನಕ್ಕೆ ಮಾತ್ರ ಅನಂತೂನ ಕೈ ಹಾಕಿಸ್ಬೇಡ."

ಸೀತಮ್ಮ ಮೇಡಂಗೆ ಹೇಳಿದಳು: "ಬರ್ತೀನಿ. ಆದ್ರೆ ನಾನೊಬ್ಳೇ ಬರೋದಾದ್ರೆ ಅರ್ಧವೇ ಕಲಿಸಿದ ಹಾಗಾಗತ್ತೆ."

ಶನಿವಾರ ಮಧ್ಯಾಹ್ನ ಕಾಲೇಜಿನ ದೊಡ್ಡ ಕೋಣೆಯಲ್ಲಿ ಮೂವತ್ತನಾಲ್ಕು ಹುಡುಗಿಯರು ಕುಳಿತಿದ್ದರು. ಆಫೀಸಿನಿಂದ ನೇರವಾಗಿ ಬಂದಿದ್ದ ಅನಂತಪದ್ಮನಾಭರು ಮಡಕೆ, ಗೂಡಿನ ಗಂಟು, ಪ್ಯಾರಾಚೂಟ್ ಬಟ್ಟೆಯ ಚೂರುಗಳನ್ನು ಹೊತ್ತು ತಂದಿಟ್ಟು, ಕೊನೆಯ ಬೆಂಚಿನಲ್ಲಿ ಕುಳಿತರು. ಪಕ್ಕದ ಹುಡುಗಿ ಯಾರೆಂದು ಕೇಳಿದಾಗ "ನಾನು ಅವರ ಯಜಮಾನ," ಎಂದು ಸ್ವಲ್ಪ ಗಟ್ಟಿಯಾಗಿಯೇ ಹೇಳಿದರು.

ಬಾಗಿಲಲ್ಲಿ ಒಗೆದ ಸೀರೆಯುಟ್ಟು, ಚಪ್ಪಲಿ ಹೊರಗೆ ಬಿಟ್ಟು, ಮುನಿವೆಂಕಟಮ್ಮ ಒಳಗೆ ಬರಲೋ ಬೇಡವೋ ಎಂದು ನಿಂತಿದ್ದಳು. ಶಿವಬಸಮ್ಮ ಮೇಡಂ ಬೋರ್ಡಿನ ಮೇಲೆ ಸೀತಮ್ಮನ ಹೆಸರು ಬರೆದು, ಹಿಮದಲ್ಲಿ ಒಂದು ಜೀವ ಉಳಿಸಿದ ಕೋಟನ್ನು ಮಾಡಿದವರು ಇವರೇ ಎಂದು ಪರಿಚಯ ಮಾಡಿಕೊಟ್ಟರು. ಹುಡುಗಿಯರೆಲ್ಲ ಎದ್ದುನಿಂತು ಚಪ್ಪಾಳೆ ತಟ್ಟಿದರು.

ಸೀತಮ್ಮ ನೇರವಾಗಿ ಬಾಗಿಲಿಗೆ ಹೋಗಿ, ಮುನಿವೆಂಕಟಮ್ಮನ ಕೈ ಹಿಡಿದು, ಎಲ್ಲರ ಮುಂದೆ ಕರೆತಂದು ನಿಲ್ಲಿಸಿದಳು.

"ನಾನು ಹೊಲಿದೋಳು ಅಷ್ಟೇ," ಎಂದಳು. "ರೇಷ್ಮೆ ಗೊತ್ತಿರೋದು ಇವರಿಗೆ. ಇವರು ತಲಘಟ್ಟಪುರದ ಮುನಿವೆಂಕಟಮ್ಮನವರು. ನನಗೂ ಇವರೇ ಕಲಿಸಿದ್ದು. ಮೇಡಂ, ಇವರ ಹೆಸರೂ ಬರೀರಿ."

ಮೇಡಂ ಸೀಮೆಸುಣ್ಣ ತೆಗೆದುಕೊಂಡು ಬರೆದರು. ಮುನಿವೆಂಕಟಮ್ಮನಿಗೆ ಓದಲು ಬರುತ್ತಿರಲಿಲ್ಲ. ಆದರೂ ಬೋರ್ಡಿನ ಮೇಲಿನ ಆ ಬಿಳಿ ಅಕ್ಷರಗಳನ್ನು ಮೊದಲಿಂದ ಕೊನೆಯವರೆಗೆ ನೋಡಿದಳು. ಆಮೇಲೆ ಸೆರಗು ಸೊಂಟಕ್ಕೆ ಸಿಕ್ಕಿಸಿ, ಮಡಕೆಯನ್ನು ಬೋರಲು ಹಾಕಿ, ಮೂವತ್ತನಾಲ್ಕು ಹುಡುಗಿಯರ ಕಡೆ ತಿರುಗಿದಳು.

"ಎಲ್ಲಾರೂ ಬಳೆ, ಉಂಗುರ ತೆಗೆದಿಟ್ಟು ಕೈ ತೊಳ್ಕೊಂಬನ್ರವ್ವ," ಎಂದಳು. "ಹತ್ರ ಬನ್ನಿ. ದೂರ ಕೂತ್ರೆ ಇದು ಕಾಣಾಕಿಲ್ಲ."